ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯೋದು ಯಾಕೆ ಇಷ್ಟು ಕಷ್ಟ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಡಲ್ಲಾಸ್ ಹತ್ತಿರ ಬಂದು ನೆಲೆಸಿ ಹತ್ತೊಂಬತ್ತು ವರ್ಷ ಆಯ್ತು. ಮಗ ಇಲ್ಲಿಯ ಒಂದು ಸಣ್ಣ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಾನೆ. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಡಿಫೆನ್ಸಿವ್ ಎಂಡ್, ಅಂದರೆ ಎದುರಿನವರನ್ನು ಕೆಡವುವ ಮುಂದಿನ ಸಾಲಿನ ತುದಿಯ ಆಟಗಾರ. ಹೋದ ಶನಿವಾರ ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಓಡಿ ಓಡಿಯೇ ನಮ್ಮನ್ನು ಸೋಲಿಸಿದ. ಮೂರನೇ ಡೌನ್, ಇನ್ನೂ 11 ಯಾರ್ಡ್ ಬೇಕು, ಎಲ್ಲರೂ ಪಾಸ್ ಅಂದುಕೊಂಡಿರುತ್ತಾರೆ. ಅವನು ಸಂದಿಯಲ್ಲಿ ನುಸುಳಿ 14 ಯಾರ್ಡ್ ಓಡಿಬಿಡುತ್ತಾನೆ. ಇಂಥದ್ದೇ ಮೂರು ಸಲ ಆಯ್ತು. ನನ್ನ ಮಗನಿಗೆ ಒಂದೂ ಸ್ಯಾಕ್ ಸಿಗಲಿಲ್ಲ. ಎಷ್ಟೋ ಸಲ ಅವನು ಕ್ವಾರ್ಟರ್‌ಬ್ಯಾಕ್ ಹತ್ತಿರದವರೆಗೆ ಹೋಗಿ ನಿಂತುಬಿಡುತ್ತಿದ್ದ. ಕೇಳಿದರೆ "ಕೋಚ್ ಹಾಗೇ ಹೇಳಿದ್ದಾರೆ ಅಪ್ಪಾ" ಅಂತಾನೆ. ಒಬ್ಬ ವೇಗದ ಹುಡುಗನನ್ನು ಅವನ ಕಾವಲಿಗೇ ಬಿಟ್ಟರೆ ಆಗಲ್ವಾ? ಆರು ಜನ ಒಟ್ಟಿಗೆ ನುಗ್ಗಿದರೆ? ಎರಡು ಸಲ ಜೋರಾಗಿ ಕೆಡವಿದರೆ ಅವನೇ ಓಡೋದು ಬಿಡಲ್ವಾ? ನಿಜ ಹೇಳಿ, ಕೋಚ್ ನನ್ನ ಮಗನ ಕೈ ಕಟ್ಟಿಹಾಕ್ತಿದ್ದಾರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿದ್ದೆ ಕೆಡಿಸಿರೋದು ಅದೇ ಅನ್ನಿಸ್ತು. ಇಲ್ಲ, ಕೋಚ್ ಕೈ ಕಟ್ಟಿಹಾಕಿಲ್ಲ. ಆ ತಂಡದ ಅತಿ ಕಷ್ಟದ, ಅಂಕಿಪಟ್ಟಿಯಲ್ಲಿ ಎಲ್ಲೂ ಕಾಣದ ಕೆಲಸವನ್ನು ನಿಮ್ಮ ಮಗನಿಗೆ ವಹಿಸಿದ್ದಾರೆ. ಆದರೆ ಆ ಮೂರು ಓಟಗಳ ವಿಷಯದಲ್ಲಿ ಕೋಚ್ ಸರಿಪಡಿಸಬೇಕಾದ್ದೂ ಏನೋ ಇದೆ ಅಂತ ನನ್ನ ಅನುಮಾನ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಕಾಲೇಜು ತಂಡಗಳ ಡಿಫೆನ್ಸ್ ಕಡೆ 14 ವರ್ಷ ಕೆಲಸ ಮಾಡಿದ್ದೇನೆ. ಮೊದಲು ವಿಡಿಯೊ ಕೊಠಡಿಯಲ್ಲಿ, ಆಮೇಲೆ ಲೈನ್‌ಬ್ಯಾಕರ್‌ಗಳ, ಅಂದರೆ ಡಿಫೆನ್ಸ್‌ನ ಎರಡನೇ ಸಾಲಿನವರ ಕೋಚ್ ಆಗಿ. ಭಾನುವಾರ ಬೆಳಿಗ್ಗೆ ಕೂತು ಹಿಂದಿನ ದಿನದ ಆಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಗಂಟೆಗಳಿಗೆ ಲೆಕ್ಕವಿಲ್ಲ. ಓಡುವ ಕ್ವಾರ್ಟರ್‌ಬ್ಯಾಕ್ ಕೊಟ್ಟಷ್ಟು ತಲೆನೋವನ್ನು ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎರಡೂ ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತಾರೆ. ಚೆಂಡನ್ನು ಎಸೆಯೋದು, ಇಲ್ಲವೇ ಓಡುವವನ ಕೈಗೆ ಕೊಡೋದು ಕ್ವಾರ್ಟರ್‌ಬ್ಯಾಕ್ ಕೆಲಸ. ಎಸೆಯುವ ಮೊದಲೇ ಅವನನ್ನು ಹಿಂದೆಯೇ ಕೆಡವಿದರೆ ಅದು ಸ್ಯಾಕ್.

ಈಗ ತೊಂದರೆಯ ಬೇರಿಗೆ ಹೋಗೋಣ. ಓಡುವ ಕ್ವಾರ್ಟರ್‌ಬ್ಯಾಕ್ ಅಂದ ಕೂಡಲೇ ಎಲ್ಲರೂ ಅವನ ವೇಗದ ಬಗ್ಗೆ ಮಾತಾಡ್ತಾರೆ. ವೇಗ ಮುಖ್ಯವೇ. ಆದರೆ ಅದಕ್ಕಿಂತ ಮೊದಲು ಇರೋದು ತಲೆ ಎಣಿಕೆಯ ಲೆಕ್ಕ. ಸಾಮಾನ್ಯ ಓಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ನಿಂತು ನೋಡುತ್ತಾನೆ. ಚೆಂಡು ಹಿಡಿದವನೊಬ್ಬ, ನೋಡುವವನೊಬ್ಬ. ಉಳಿದ ಒಂಬತ್ತು ಜನ ನಮ್ಮ 11 ಜನರನ್ನು ತಡೆಯಬೇಕು. ಅಂದರೆ ನಮಗೆ ಇಬ್ಬರು ಜಾಸ್ತಿ. ಕ್ವಾರ್ಟರ್‌ಬ್ಯಾಕೇ ಓಡಿದರೆ ಆ ಓಟಗಾರ ತಡೆಯುವವನಾಗುತ್ತಾನೆ. ಈಗ ತಡೆಯೋರು ಹತ್ತು ಜನ. ನಮಗೆ ಉಳಿಯೋದು ಒಬ್ಬನೇ, ಅವನೂ ಸಾಮಾನ್ಯವಾಗಿ ಸೇಫ್ಟಿ, ಹತ್ತು ಹನ್ನೆರಡು ಯಾರ್ಡ್ ಹಿಂದೆ ನಿಂತಿರುತ್ತಾನೆ. ನಮ್ಮ ಹುಡುಗರು ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಬದಲಾಗಲ್ಲ. ಎಲ್ಲೋ ಒಂದು ಕಡೆ ಸೋರಲೇಬೇಕು. ಎಲ್ಲಿ ಸೋರಿದರೆ ನಮಗೆ ನಷ್ಟ ಕಡಿಮೆ ಅಂತ ಮೊದಲೇ ಕೂತು ತೀರ್ಮಾನಿಸೋದೇ ಡಿಫೆನ್ಸ್ ಕೋಚ್‌ನ ಕೆಲಸ. ಮುಂದೆ ನಾನು ಹೇಳೋದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಕಾಲೇಜು ಆಟದಲ್ಲಿ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದ್ದು ಝೋನ್ ರೀಡ್. 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ಲೆನ್‌ವಿಲ್ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ ರಿಚ್ ರಾಡ್ರಿಗಸ್ ಕೋಚ್ ಆಗಿದ್ದರು. ಒಂದು ದಿನ ಅಭ್ಯಾಸದಲ್ಲಿ ಚೆಂಡು ಕೈಬದಲಾಗುವಾಗ ತಪ್ಪಿತು. ಓಟಗಾರನಿಗೆ ಕೊಡಬೇಕಾಗಿದ್ದ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲೇ ಉಳಿಯಿತು. ಅವನು ತಲೆ ಎತ್ತಿದಾಗ ಡಿಫೆನ್ಸಿವ್ ಎಂಡ್ ಓಟಗಾರನ ಮೇಲೆ ನುಗ್ಗಿಹೋಗಿದ್ದ. ಅವನು ಬಿಟ್ಟುಹೋದ ಜಾಗ ಖಾಲಿ. ಕ್ವಾರ್ಟರ್‌ಬ್ಯಾಕ್ ಆ ಖಾಲಿ ಜಾಗದಲ್ಲೇ ಓಡಿದ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದ ಕೋಚ್‌ಗೆ ಅವನ ಉತ್ತರದಲ್ಲೇ ಒಂದು ಹೊಸ ಆಟ ಸಿಕ್ಕಿತು. ಎಂಡ್‌ನನ್ನು ತಡೆಯೋದೇ ಬೇಡ, ಸುಮ್ನೆ ನೋಡು. ಅವನು ಒಳಗೆ ನುಗ್ಗಿದರೆ ನೀನು ಓಡು. ನಿಂತರೆ ಚೆಂಡು ಕೊಡು. ಒಬ್ಬನೂ ಮುಟ್ಟದೆ ನಮ್ಮ ಒಬ್ಬ ಆಟಗಾರ ಲೆಕ್ಕದಿಂದ ಹೊರಗೆ. ಆ ಜಾಗದಲ್ಲಿ ನಿಂತಿರೋದು ಬಹಳ ಸಲ ನಿಮ್ಮ ಮಗನೇ.

ಇದಕ್ಕೆ ಹಳೆಯ, ಇವತ್ತಿಗೂ ನಡೆಯುವ ಉತ್ತರ ಜಾಗ ಅದಲುಬದಲು ಮಾಡೋದು. ಕೋಚ್‌ಗಳು ಸ್ಕ್ರೇಪ್ ಅಂತಾರೆ. ಎಂಡ್ ಬೇಕಂತಲೇ ಓಟಗಾರನ ಮೇಲೆ ನುಗ್ಗುತ್ತಾನೆ. ಅದನ್ನು ನೋಡಿ ಕ್ವಾರ್ಟರ್‌ಬ್ಯಾಕ್ ಚೆಂಡು ಇಟ್ಟುಕೊಂಡು ಹೊರಗೆ ಬರುತ್ತಾನೆ. ಅಷ್ಟರಲ್ಲಿ ಎಂಡ್ ಬಿಟ್ಟ ಜಾಗಕ್ಕೆ ಲೈನ್‌ಬ್ಯಾಕರ್ ಬಂದು ನಿಂತಿರುತ್ತಾನೆ. ಚೆನ್ನಾಗಿದೆ, ಆದರೆ ಎದುರು ಕೋಚ್ ಕೂಡ ಶನಿವಾರ ಶನಿವಾರ ಇದನ್ನೇ ನೋಡುತ್ತಾನೆ. ಒಬ್ಬ ದಪ್ಪ ಹುಡುಗನನ್ನು ಎಂಡ್‌ನ ಸುತ್ತು ಹಾಕಿಸಿ ನೇರ ಆ ಲೈನ್‌ಬ್ಯಾಕರ್ ಮೇಲೆ ಕಳಿಸಿಬಿಡುತ್ತಾನೆ. ಆಗ ಇನ್ನೊಂದು ದಾರಿ ಉಳಿಯುತ್ತದೆ. ಎಂಡ್ ಭುಜ ನೇರವಾಗಿಟ್ಟು, ಸಣ್ಣ ಹೆಜ್ಜೆಯಲ್ಲಿ ಜರುಗುತ್ತಾ, ಇತ್ತ ಹೋಗ್ತಾನೋ ಅತ್ತ ಹೋಗ್ತಾನೋ ಗೊತ್ತಾಗದ ಹಾಗೆ ಕ್ವಾರ್ಟರ್‌ಬ್ಯಾಕ್‌ನನ್ನು ಒಂದು ಕ್ಷಣ ಕಾಯಿಸೋದು. ಆ ಒಂದು ಕ್ಷಣದಲ್ಲಿ ಹಿಂದಿನವರು ಬಂದು ಸೇರುತ್ತಾರೆ. ನೋಡುವವರಿಗೆ ಇದು ನಿಂತುಬಿಟ್ಟ ಹಾಗೆ ಕಾಣುತ್ತದೆ. ನಿಮ್ಮ ಮಗ ನಿಂತ ಅಂತ ನೀವು ಬರೆದಿರೋದರಲ್ಲಿ ಕೆಲವಾದರೂ ಇದೇ ಇರಬೇಕು.

ಆದರೆ ನೀವು ಹೇಳಿದ ಆ ಮೂರು ಓಟ ಬೇರೆ ಜಾತಿಯವು. ಝೋನ್ ರೀಡ್ ಅನ್ನೋದು ಮೊದಲೇ ಬರೆದಿಟ್ಟ ಓಟ. ಮೂರನೇ ಡೌನ್‌ನಲ್ಲಿ 11 ಯಾರ್ಡ್ ಬೇಕಾದಾಗ ಆಗೋದು ಸ್ಕ್ರಾಂಬಲ್. ಎಸೆಯೋಕೆ ಅಂತ ಹಿಂದೆ ಸರಿದವನು, ಎಸೆಯಲು ಯಾರೂ ಸಿಗದೆ, ಸಂದಿ ಕಂಡ ಕಡೆ ಓಡೋದು. ಈ ಎರಡನ್ನೂ ಜನ ಒಂದೇ ಚೀಲಕ್ಕೆ ಹಾಕ್ತಾರೆ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ನಾಟಲ್ಲ.

ಊರಲ್ಲಿ ಕೊಟ್ಟಿಗೆಯಿಂದ ಕರು ತಪ್ಪಿಸಿಕೊಂಡಿದ್ದು ನೋಡಿದ್ದೀರಲ್ವಾ? ಅದರ ಹಿಂದೆ ಜೋರಾಗಿ ಓಡಿದವನಿಗೆ ಅದು ಎಂದೂ ಸಿಗಲ್ಲ. ನಾಲ್ಕು ಜನ ನಾಲ್ಕು ಕಡೆಯಿಂದ, ಕೈ ಅಗಲ ಮಾಡಿ, ಅವಸರವಿಲ್ಲದೆ ಹತ್ತಿರ ಹತ್ತಿರ ಬರಬೇಕು. ಒಬ್ಬ ಆಸೆಪಟ್ಟು ಮುಂದೆ ಹಾರಿದನೋ, ಅವನ ಪಕ್ಕದ ಸಂದಿಯಲ್ಲೇ ಕರು ಹೋಯ್ತು. ಓಡುವ ಕ್ವಾರ್ಟರ್‌ಬ್ಯಾಕ್ ಮುಂದೆ ನಮ್ಮ ನಾಲ್ವರು ಮುಂಚೂಣಿಯವರ ಕೆಲಸ ಇದೇ. ಕೋಚ್‌ಗಳ ಭಾಷೆಯಲ್ಲಿ ರಶ್ ಲೇನ್. ಒಬ್ಬೊಬ್ಬರಿಗೂ ಒಂದು ಓಣಿ, ಅದನ್ನು ಬಿಟ್ಟು ಹೋಗುವ ಹಾಗಿಲ್ಲ.

ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ. ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ ಆಟ ಶುರುವಾಗುವ ಗೆರೆಯಿಂದ ಐದು ಯಾರ್ಡ್ ಹಿಂದೆ ನಿಂತು ಚೆಂಡು ಪಡೆದು, ಎರಡು ಮೂರು ಹೆಜ್ಜೆ ಇನ್ನೂ ಹಿಂದೆ ಸರಿಯುತ್ತಾನೆ. ಏಳು ಯಾರ್ಡ್ ಅಂದುಕೊಳ್ಳಿ. ಸ್ಯಾಕ್ ಆಸೆಯ ಎಂಡ್ ಹೊರಗಿನಿಂದ ಬಿಲ್ಲಿನ ಹಾಗೆ ಬಾಗಿ ಸುತ್ತಿ ಬರುತ್ತಾನೆ. ತಡೆಯುವವನು ಜಾಣನಾಗಿದ್ದರೆ ಎದುರು ನಿಲ್ಲಲ್ಲ, ಅವನನ್ನು ಅದೇ ದಾರಿಯಲ್ಲಿ ಇನ್ನೂ ಹಿಂದಕ್ಕೆ ತಳ್ಳಿಬಿಡುತ್ತಾನೆ. ಎಂಡ್ ಒಂಬತ್ತು ಯಾರ್ಡ್ ಹಿಂದೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಏನಾಗಿದೆ? ಅವನಿಗೂ ಅವನ ಪಕ್ಕದಲ್ಲಿ ಒಳಗೆ ನಿಲ್ಲುವ ನಮ್ಮ ಟ್ಯಾಕಲ್‌ಗೂ ನಡುವೆ ಮನೆ ಬಾಗಿಲಿನಷ್ಟು ಜಾಗ ತೆರೆದಿದೆ. ಕ್ವಾರ್ಟರ್‌ಬ್ಯಾಕ್ ಅದರಲ್ಲಿ ಮುಂದೆ ನಡೆದುಬಿಟ್ಟ. ನಮ್ಮ ಎಂಡ್ ಈಗ ಅವನ ಬೆನ್ನ ಹಿಂದೆ. ಆಟದಿಂದಲೇ ಹೊರಗೆ.

ಅದಕ್ಕೇ ಕ್ವಾರ್ಟರ್‌ಬ್ಯಾಕ್ ನಿಂತ ಮಟ್ಟಕ್ಕಿಂತ ಹಿಂದೆ ಹೋಗಬೇಡ ಅಂತ ಹೇಳಿಕೊಡ್ತಾರೆ. ತಡೆಯುವವನ ಎದೆಗೆ ಎರಡೂ ಕೈ ಕೊಟ್ಟು, ತೋಳು ನೀಳವಾಗಿಟ್ಟು, ಅವನನ್ನೇ ಹಿಂದಕ್ಕೆ ದೂಡಿಕೊಂಡು ಹೋಗು. ಹೊರಗಿನ ಕೈ ಯಾವಾಗ ಬೇಕಾದರೂ ಬಿಡಿಸಿಕೊಳ್ಳುವ ಹಾಗಿರಲಿ. ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲಿರಲಿ. ಇದಕ್ಕೆ ಮಶ್ ರಶ್ ಅನ್ನೋ ಹೆಸರಿದೆ. ನಿಮ್ಮ ಮಗ ಹತ್ತಿರ ಹೋಗಿ ನಿಂತಿದ್ದು ಇದಕ್ಕೇ. ಅವನು ಒಂದು ಗೋಡೆ. ಅವನು ನಿಂತಿದ್ದರಿಂದ ಆ ಕಡೆ ಬಾಗಿಲು ಇರಲಿಲ್ಲ.

ಇನ್ನೊಂದು ವಿಷಯ, ಕಾಲೇಜು ಮೈದಾನಕ್ಕೇ ವಿಶೇಷವಾದದ್ದು. ಮೈದಾನದ ಅಗಲ 160 ಅಡಿ. ಚೆಂಡು ಇಡುವ ಎರಡು ಹ್ಯಾಶ್ ಗುರುತುಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಬರೀ ಹದಿನೆಂಟೂವರೆ ಅಡಿ. ಹೀಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ಆ 100 ಅಡಿ ಬಯಲಿನ ಕಡೆ ವೇಗದ ಕ್ವಾರ್ಟರ್‌ಬ್ಯಾಕ್ ಹೊರಬಿದ್ದ ಅಂದರೆ ಮುಗೀತು. ನಿಮ್ಮ ಮಗ ಬಯಲ ಕಡೆ ನಿಲ್ಲುತ್ತಾನಾ, ಮೈದಾನದ ಅಂಚಿನ ಗೆರೆ ಹತ್ತಿರದ ಕಡೆಯಾ? ಬಯಲ ಕಡೆ ಆಗಿದ್ದರೆ ಅವನಿಗೆ ಸಿಗೋ ಸ್ವಾತಂತ್ರ್ಯ ಇನ್ನೂ ಕಡಿಮೆ. ಇನ್ನೊಂದು ಬದಿಯ ಎಂಡ್‌ಗೆ ಗೆರೆಯೇ ಒಬ್ಬ ಜೊತೆಗಾರ ಇದ್ದ ಹಾಗೆ, ಅವನು ಸ್ವಲ್ಪ ಸಾಹಸ ಮಾಡಬಹುದು.

ಈಗ ನೀವು ಕೇಳಿದ ಮೂರು ಉಪಾಯಗಳು.

ಮೊದಲನೆಯದು ಕಾವಲಿನವನು, ಸ್ಪೈ. ಇದು ಬಹಳ ಜನರ ಮೆಚ್ಚಿನ ಉತ್ತರ. ನಾನೂ ಒಂದು ಕಾಲದಲ್ಲಿ ಇದನ್ನೇ ನಂಬಿದ್ದೆ. ಒಂದು ಸೀಸನ್‌ನಲ್ಲಿ ನಮ್ಮ ಅತಿ ವೇಗದ ಲೈನ್‌ಬ್ಯಾಕರ್‌ನನ್ನು ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಮೇಲೆ ಬಿಟ್ಟೆವು. ನಿನಗೆ ಬೇರೆ ಯಾವ ಕೆಲಸವೂ ಇಲ್ಲ, ಅವನು ಹೋದಲ್ಲಿ ನೀನು ಹೋಗು ಅಂದೆವು. ಒಳ್ಳೆಯ ಹುಡುಗ, ಹೇಳಿದ್ದನ್ನು ತಪ್ಪದೆ ಮಾಡುವವನು. ಮೊದಲರ್ಧ ಚೆನ್ನಾಗಿ ನಡೆಯಿತು. ದ್ವಿತೀಯಾರ್ಧದಲ್ಲಿ ಒಂದು ಮೂರನೇ ಡೌನ್. ಕ್ವಾರ್ಟರ್‌ಬ್ಯಾಕ್ ಮುಂದೆ ಹೆಜ್ಜೆ ಹಾಕಿದ. ಕೆಲಸವಿಲ್ಲದೆ ನಿಂತಿದ್ದ ಅವರ ಸೆಂಟರ್, ಅಂದರೆ ಸಾಲಿನ ನಡುವೆ ನಿಂತು ತಡೆಯುವವನು, ನಮ್ಮ ಸ್ಪೈನನ್ನು ಹುಡುಕಿಕೊಂಡು ಬಂದು ಅಡ್ಡ ನಿಂತ. ಓಟ ಮೂವತ್ತು ಯಾರ್ಡ್ ದಾಟಿತು. ಡ್ರೆಸಿಂಗ್ ರೂಮ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಸ್ಪೈ ಕೈಕೊಟ್ಟ ಅಂತ. ಆ ಹುಡುಗ ತಲೆ ತಗ್ಗಿಸಿ ಕೂತಿದ್ದ. ಮಾರನೇ ದಿನ ವಿಡಿಯೊ ನಿಲ್ಲಿಸಿ ನೋಡಿದೆ. ನಮ್ಮ ಇಬ್ಬರೂ ಎಂಡ್‌ಗಳು ಕ್ವಾರ್ಟರ್‌ಬ್ಯಾಕ್‌ಗಿಂತ ಮೂರು ಯಾರ್ಡ್ ಹಿಂದೆ ಇದ್ದರು. ಒಬ್ಬನ ಬೆನ್ನು ಅವನ ಕಡೆಗಿತ್ತು. ಬಾಗಿಲು ತೆರೆದವರು ಅವರು, ಬೈಗುಳ ತಿಂದಿದ್ದು ಸ್ಪೈ. ಸೋಮವಾರ ಆ ಚಿತ್ರವನ್ನು ಇಡೀ ತಂಡದ ಮುಂದೆ ಹಾಕಿ ಆ ಹುಡುಗನ ಕ್ಷಮೆ ಕೇಳಿದೆ.

ಸ್ಪೈ ಬೇಡ ಅಂತ ಹೇಳ್ತಿಲ್ಲ. ಮುಂದಿನ ನಾಲ್ವರು ಓಣಿ ಕಾಯ್ದರೆ ಮಾತ್ರ ಸ್ಪೈ ಕೆಲಸಕ್ಕೆ ಬರುತ್ತಾನೆ. ಆಗ ಕ್ವಾರ್ಟರ್‌ಬ್ಯಾಕ್‌ಗೆ ಉಳಿಯೋದು ಒಂದೇ ದಾರಿ, ಆ ದಾರಿಯ ಕೊನೆಯಲ್ಲಿ ಸ್ಪೈ ನಿಂತಿರುತ್ತಾನೆ. ಅವನು ನಟ್ಟನಡುವೆ ನಿಲ್ಲಬೇಕಾಗಿಯೂ ಇಲ್ಲ. ಬಲಗೈಯಲ್ಲಿ ಎಸೆಯುವವರು ಹೆಚ್ಚಾಗಿ ಬಲಕ್ಕೇ ತಪ್ಪಿಸಿಕೊಳ್ಳುತ್ತಾರೆ, ಓಡುತ್ತಲೇ ಎಸೆಯೋಕೆ ಆ ಕಡೆ ಸುಲಭ. 2006ರ ಜನವರಿ 4ರಂದು ರೋಸ್ ಬೌಲ್ ಪಂದ್ಯದಲ್ಲಿ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ಮಾಡಿದ್ದು ಇದೇ. ನಾಲ್ಕನೇ ಡೌನ್, 5 ಯಾರ್ಡ್ ಬೇಕು, ಚೆಂಡು 8 ಯಾರ್ಡ್ ಗೆರೆಯಲ್ಲಿ. ಎಸೆಯಲು ನೋಡಿದ, ಸಿಗಲಿಲ್ಲ, ಬಲ ಮೂಲೆಗೆ ಓಡಿ 19 ಸೆಕೆಂಡ್ ಉಳಿದಿರುವಾಗ ಕೊನೆಯ ಗೆರೆ ದಾಟಿ ಅಂಕ ತಂದ, ಅಂದರೆ ಟಚ್‌ಡೌನ್ ಮಾಡಿದ. ಸತತ 34 ಪಂದ್ಯ ಗೆದ್ದಿದ್ದ ಎದುರಾಳಿ ತಂಡ ಯುಎಸ್‌ಸಿ 41-38ರಲ್ಲಿ ಸೋತಿತು. ಆ ರಾತ್ರಿ ಅವನು ಓಡಿದ್ದು 200 ಯಾರ್ಡ್. ಟೆಕ್ಸಸ್‌ನಲ್ಲಿ ಇದ್ದೀರಿ, ಈ ಕಥೆ ಕೇಳಿಯೇ ಇರ್ತೀರಿ. ಸ್ಪೈ ಇಟ್ಟರೆ ಇನ್ನೊಂದು ಬೆಲೆಯೂ ಇದೆ. ಪಾಸ್ ಕಾಯುವವರಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಚೆನ್ನಾಗಿ ಎಸೆಯುವವನಿಗೆ ಅದೇ ಊಟ.

ಎರಡನೆಯದು, ಆರು ಜನ ನುಗ್ಗೋದು, ಬ್ಲಿಟ್ಜ್. 2016ರ ನವೆಂಬರ್ 17ರಂದು ಹ್ಯೂಸ್ಟನ್ ತಂಡ ಲೂಯಿವಿಲ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್‌ನನ್ನು 11 ಸಲ ಸ್ಯಾಕ್ ಮಾಡಿ 36-10ರಲ್ಲಿ ಗೆದ್ದಿತು. ಕೆಲವೇ ವಾರಗಳಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಗೆದ್ದವನು ಅದೇ ಜಾಕ್ಸನ್. ನೋಡಿ, ನುಗ್ಗಿದರೆ ಆಗುತ್ತೆ ಅಂತ ಆಗ ಬಹಳ ಜನ ಹೇಳಿದರು. ಆದರೆ ಆ ತಂಡದ ನಟ್ಟನಡುವೆ ಎಡ್ ಆಲಿವರ್ ಎಂಬ ಮೊದಲ ವರ್ಷದ ಹುಡುಗನಿದ್ದ, ಮುಂದೆ ಎನ್‌ಎಫ್‌ಎಲ್‌ಗೂ ಹೋದವನು. ಒತ್ತಡ ನಡುವಿನಿಂದ ಬಂದರೆ ಕ್ವಾರ್ಟರ್‌ಬ್ಯಾಕ್‌ಗೆ ಮುಂದೆ ಹೆಜ್ಜೆ ಇಡಲು ಜಾಗವೇ ಇರಲ್ಲ. ಹೊರಗಿನಿಂದ ಮಾತ್ರ ಬಂದರೆ ಅವನಿಗೆ ದಾರಿ ತೋರಿಸಿದ ಹಾಗೆ. ನಿಮ್ಮ ತಂಡದ ಒಳಗಿನ ಇಬ್ಬರು ಗಟ್ಟಿಗರಾಗಿದ್ದರೆ ಬ್ಲಿಟ್ಜ್ ಕೇಳಿ. ಇಲ್ಲದಿದ್ದರೆ ಆರು ಜನ ನುಗ್ಗಿದಾಗ ಹಿಂದೆ ಉಳಿಯೋರು ಐದೇ ಜನ, ಐವರೂ ಪಾಸ್ ಹಿಡಿಯುವ ಒಬ್ಬೊಬ್ಬ ರಿಸೀವರ್ ಬೆನ್ನು ಹಿಡಿದಿರುತ್ತಾರೆ. ಕ್ವಾರ್ಟರ್‌ಬ್ಯಾಕ್ ಮೊದಲ ಸಾಲು ದಾಟಿದರೆ ಅವನನ್ನು ನೋಡುವವರೇ ಇಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಿಂದ ಕಳೆದುಕೊಂಡ ಯಾರ್ಡ್‌ಗಳನ್ನು ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹಾಗಿಲ್ಲ, ಅಲ್ಲಿ ಪಾಸಿಂಗ್‌ನಿಂದ ಕಳೆಯೋದು. ಹೀಗಾಗಿ 85 ಯಾರ್ಡ್ ಓಡಿ, ಸ್ಯಾಕ್‌ಗಳಲ್ಲಿ 45 ಕಳೆದುಕೊಂಡವನ ಹೆಸರಿನ ಮುಂದೆ 40 ಅಂತ ಮಾತ್ರ ಇರುತ್ತದೆ. ಎದುರು ತಂಡದ ಪಟ್ಟಿ ನೋಡಿ "ಇವನೇನು ಅಷ್ಟು ಓಡಲ್ಲ" ಅಂದುಕೊಂಡು ಮೋಸಹೋದ ತಂಡಗಳನ್ನು ನಾನು ನೋಡಿದ್ದೇನೆ.

ಮೂರನೆಯದು, ಜೋರಾಗಿ ಕೆಡವೋದು. ಇದನ್ನು ನಿಮ್ಮ ಮಗನಿಗೆ ದಯವಿಟ್ಟು ಹೇಳಬೇಡಿ. ತಲೆಗೆ ಗುರಿಯಿಟ್ಟು ಹೊಡೆದರೆ ಅದು ಟಾರ್ಗೆಟಿಂಗ್. 2013ರಿಂದ ಅದಕ್ಕೆ ಶಿಕ್ಷೆ ಮೈದಾನದಿಂದಲೇ ಹೊರಹಾಕೋದು. ಕ್ವಾರ್ಟರ್‌ಬ್ಯಾಕ್ ಕಾಲು ಮುಂದೆ ಚಾಚಿ ಜಾರಿದರೆ ಚೆಂಡು ಅಲ್ಲಿಗೇ ಸತ್ತ ಹಾಗೆ, ಆಮೇಲೆ ಮುಟ್ಟುವ ಹಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಎಸಿಸಿ ಎಂಬ ಕಾಲೇಜು ಲೀಗ್‌ನ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಕ್ವಾರ್ಟರ್‌ಬ್ಯಾಕ್ ಕೆನ್ನಿ ಪಿಕೆಟ್ ಜಾರುವ ಹಾಗೆ ನಟಿಸಿ, ವೇಕ್ ಫಾರೆಸ್ಟ್ ಹುಡುಗರು ನಿಧಾನಿಸಿದ ಕೂಡಲೇ ಮತ್ತೆ ಓಡಿ 58 ಯಾರ್ಡ್ ಟಚ್‌ಡೌನ್ ಮಾಡಿದ. ಕೆಲವೇ ದಿನಗಳಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಅದನ್ನು ನಿಲ್ಲಿಸಿತು. ಈಗ ಜಾರುವ ನಟನೆ ಶುರುವಾದ ಕ್ಷಣಕ್ಕೇ ಚೆಂಡು ಸತ್ತ ಹಾಗೆ. ನಿಯಮದೊಳಗೆ, ಸೊಂಟಕ್ಕೆ ಭುಜ ಕೊಟ್ಟು ಕೆಡವಿದರೆ ತಪ್ಪಿಲ್ಲ, ಎರಡು ಮೂರು ಗಂಟೆಯಲ್ಲಿ ಅದರಿಂದ ಅವನಿಗೆ ಸುಸ್ತೂ ಆಗುತ್ತದೆ. ಆದರೆ ಹೆದರಿಸಿ ನಿಲ್ಲಿಸ್ತೀವಿ ಅನ್ನೋದು ಭ್ರಮೆ. ಹೆದರುವವನು ಮೊದಲೇ ಓಡುವವನಾಗಿರಲ್ಲ. ಅದಕ್ಕಿಂತ, ತಲೆ ತಗ್ಗಿಸಿ ನುಗ್ಗಿದವನ ಕುತ್ತಿಗೆಗೇ ಅಪಾಯ. ಅದು ನಿಮ್ಮ ಮಗನ ಕುತ್ತಿಗೆ.

ಹಾಗಾದರೆ ನಿಜಕ್ಕೂ ಮಾಡಬಹುದಾದ್ದು ಏನು? ಮೊದಲ ಪ್ರಶ್ನೆ, ಈ ಹುಡುಗ ಎಸೆಯುತ್ತಾನಾ? ಎಸೆಯಲು ಬಾರದ ಓಟಗಾರನಾದರೆ ಗೋಡೆ ಕಟ್ಟಿ ಒಳಗೇ ಕೂಡಿಹಾಕಿ. ನಾಲ್ಕು ಐದು ಸೆಕೆಂಡ್ ಸಿಕ್ಕರೂ ಅವನೇನು ಮಾಡಲ್ಲ. ಎಸೆಯಬಲ್ಲವನಾದರೆ ಅದೇ ಗೋಡೆ ನಮ್ಮನ್ನು ಮುಗಿಸುತ್ತದೆ. 2023ರ ನವೆಂಬರ್‌ನಲ್ಲಿ ಲೂಯಿಸಿಯಾನ ಸ್ಟೇಟ್ (ಎಲ್‌ಎಸ್‌ಯು) ತಂಡದ ಜೇಡನ್ ಡ್ಯಾನಿಯಲ್ಸ್ ಫ್ಲೋರಿಡಾ ವಿರುದ್ಧ ಒಂದೇ ಪಂದ್ಯದಲ್ಲಿ 372 ಯಾರ್ಡ್ ಎಸೆದು, 234 ಯಾರ್ಡ್ ಓಡಿದ. ಅಂಥವನ ಮುಂದೆ ಯಾವ ಒಂದು ಉಪಾಯವೂ ಇಡೀ ಪಂದ್ಯ ನಿಲ್ಲಲ್ಲ. ಒಂದು ಸಲ ಗೋಡೆ, ಒಂದು ಸಲ ನುಗ್ಗಾಟ, ಮುಂದಿನ ಸಲ ನುಗ್ಗುವ ಹಾಗೆ ತೋರಿಸಿ ಹಿಂದೆ ಸರಿಯೋದು. ಅವನಿಗೆ ಒಂದು ಕ್ಷಣ ಯೋಚನೆ ತರಿಸಬೇಕು, ಅಷ್ಟೇ.

ಹಿಂದೆ ಎಂಟು ಜನರನ್ನು ಬಿಟ್ಟು ಮುಂದೆ ಮೂರೇ ಜನ ಕಳಿಸೋದು ಇನ್ನೊಂದು ದಾರಿ. 2017ರ ಅಕ್ಟೋಬರ್ 7ರಂದು ಐಯೋವಾ ಸ್ಟೇಟ್ ತಂಡ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಇದ್ದ ಒಕ್ಲಹೋಮವನ್ನು ಅವರ ಮೈದಾನದಲ್ಲೇ 38-31ರಲ್ಲಿ ಸೋಲಿಸಿತು. ಮೂವರನ್ನು ಮುಂದಿಟ್ಟು, ಹಿಂದೆ ಮೂವರು ಸೇಫ್ಟಿ ನಿಲ್ಲಿಸುವ ಅವರ ರೀತಿಯನ್ನು ಆಮೇಲಿನ ವರ್ಷಗಳಲ್ಲಿ ಬಹಳ ತಂಡಗಳು ಎತ್ತಿಕೊಂಡವು. ಎಂಟೂ ಜನ ಯಾರ ಬೆನ್ನೂ ಹಿಡಿಯದೆ ತಮ್ಮ ತಮ್ಮ ಜಾಗದಲ್ಲಿ (ಜೋನ್) ನಿಂತು ಕ್ವಾರ್ಟರ್‌ಬ್ಯಾಕ್ ಕಡೆಗೇ ನೋಡುತ್ತಿರುತ್ತಾರೆ. ಅವನು ಓಡಿದರೆ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ನಷ್ಟ ಅಂದರೆ, ಓಡಿದರೆ ಐದಾರು ಯಾರ್ಡ್ ಕೊಡಲೇಬೇಕು. 11 ಯಾರ್ಡ್ ಬೇಕಾದಾಗ ಆರು ಕೊಡೋದು ನಮಗೆ ಗೆಲುವೇ. 4 ಯಾರ್ಡ್ ಬೇಕಾದಾಗ ಅಲ್ಲ.

ಒಬ್ಬೊಬ್ಬರೂ ಒಬ್ಬೊಬ್ಬರ ಬೆನ್ನು ಹಿಡಿಯುವ ಮ್ಯಾನ್ ಕವರೇಜ್ ಆಡಲೇಬೇಕಾದರೆ ನನಗೆ ಇಷ್ಟವಾದ ಒಂದು ಸಣ್ಣ ಉಪಾಯ ಇದೆ. ಎದುರಿನ ಓಟಗಾರನನ್ನು ಕಾಯುವ ಲೈನ್‌ಬ್ಯಾಕರ್ ಒಬ್ಬ ಇರುತ್ತಾನಲ್ಲ, ಆ ಓಟಗಾರ ಪಾಸ್‌ಗೆ ಹೊರಗೆ ಬರದೆ ತಡೆಯೋಕೆ ಒಳಗೇ ಉಳಿದರೆ ಲೈನ್‌ಬ್ಯಾಕರ್‌ಗೆ ಕೆಲಸವಿಲ್ಲ. ಆ ಕ್ಷಣದಿಂದ ಅವನೇ ಸ್ಪೈ. ಪಾಸ್ ಕಾಯುವವರಲ್ಲಿ ಯಾರನ್ನೂ ಕಳೆದುಕೊಳ್ಳದೆ ಸಿಕ್ಕ ಸ್ಪೈ. ಇದನ್ನು ಹುಡುಗರಿಗೆ ಕಲಿಸೋಕೆ ಎರಡು ವಾರ ಬೇಕು, ಆದರೆ ಕಲಿತ ಮೇಲೆ ಮರೆಯಲ್ಲ.

ಕ್ವಾರ್ಟರ್‌ಬ್ಯಾಕ್ ಪಾಕೆಟ್‌ನಿಂದ, ಅಂದರೆ ತನ್ನವರು ಸುತ್ತ ಕಟ್ಟಿದ ರಕ್ಷಣೆಯಿಂದ, ಹೊರಬಿದ್ದ ಕೂಡಲೇ ಎರಡನೇ ಆಟ ಶುರುವಾಗುತ್ತದೆ. ಅವನ ರಿಸೀವರ್‌ಗಳಿಗೆ ಅದರ ಅಭ್ಯಾಸ ಇರುತ್ತದೆ. ದೂರ ಹೋದವನು ವಾಪಸ್ ಬರಬೇಕು, ಹತ್ತಿರದವನು ದೂರ ಓಡಬೇಕು. ನಮ್ಮ ಹುಡುಗರಿಗೆ ಆಗ ಎಲ್ಲ ಬಿಟ್ಟು ಓಡುವವನ ಕಡೆ ಹೋಗೋ ಆಸೆ. ಅಲ್ಲೇ ಎಡವೋದು. 2012ರ ನವೆಂಬರ್ 10ರಂದು ಟೆಕ್ಸಸ್ ಎ ಅಂಡ್ ಎಂನ ಜಾನಿ ಮ್ಯಾಂಜಿಯಲ್ ನಂಬರ್ ಒನ್ ಅಲಬಾಮಾ ಎದುರು ತನ್ನದೇ ಲೈನ್‌ಮನ್ ಬೆನ್ನಿಗೆ ಡಿಕ್ಕಿ ಹೊಡೆದ. ಚೆಂಡು ಕೈಜಾರಿ ಮೇಲೆ ಹಾರಿತು. ಅದನ್ನು ಹಿಡಿದು, ತಿರುಗಿ, ಎಡಕ್ಕೆ ಹೊರಬಿದ್ದು ನೋಡಿದರೆ ಅಂಕ ಸಿಗುವ ಕೊನೆಯ ಜಾಗವಾದ ಎಂಡ್ ಜೋನ್‌ನಲ್ಲಿ ಅವನ ರಿಸೀವರ್ ರಯಾನ್ ಸ್ವೋಪ್ ಪಕ್ಕದಲ್ಲಿ ಯಾರೂ ಇಲ್ಲ. ಟಚ್‌ಡೌನ್. ಮೊದಲ ಕ್ವಾರ್ಟರ್ ಮುಗಿದಾಗ 20-0, ಕೊನೆಗೆ 29-24ರಲ್ಲಿ ಗೆದ್ದದ್ದೂ ಮ್ಯಾಂಜಿಯಲ್ ತಂಡವೇ. ಅಲಬಾಮಾದ ಆಗಿನ ಕೋಚ್ ನಿಕ್ ಸೇಬನ್ ಅವರಂಥವರ ಕೈಕೆಳಗಿನ ಹುಡುಗರಿಗೂ ಕಣ್ಣು ಜಾರುತ್ತದೆ. ಅದಕ್ಕೇ ನಾವು ಪ್ಲಾಸ್ಟರ್ ಅಂತ ಕೂಗ್ತೀವಿ. ಕ್ವಾರ್ಟರ್‌ಬ್ಯಾಕ್ ಹೊರಬಿದ್ದ, ನಿನ್ನ ಹತ್ತಿರದ ರಿಸೀವರ್‌ಗೆ ಅಂಟಿಕೋ, ಕ್ವಾರ್ಟರ್‌ಬ್ಯಾಕ್ ಆಟ ಶುರುವಾದ ಗೆರೆ ದಾಟುವವರೆಗೆ ಬಿಡಬೇಡ.

ಅವನು ಗೆರೆ ದಾಟಿ ಬಯಲಿಗೆ ಬಂದ ಮೇಲೆ ಹಿಡಿಯೋದಕ್ಕೆ ನಿಮಗೆ ಕಬಡ್ಡಿಯೇ ಸಾಕು. ಕಾರ್ನರ್‌ನಲ್ಲಿ ನಿಂತವನು ಅವಸರಪಟ್ಟು ಹಾರಿದರೆ ರೈಡರ್‌ಗೆ ಪಾಯಿಂಟ್. ಇಲ್ಲೂ ಮೊದಲು ಹೋದವನ ಕೆಲಸ ಹಿಡಿಯೋದಲ್ಲ, ಒಂದು ಬದಿ ಮುಚ್ಚೋದು. ಹತ್ತಿರದ ಸೊಂಟದ ಮೇಲೆ ಕಣ್ಣಿಟ್ಟು, ಹೆಜ್ಜೆ ಸಣ್ಣ ಮಾಡಿ, ಜೊತೆಗಾರ ಇರುವ ಕಡೆಗೋ ಅಂಚಿನ ಗೆರೆಯ ಕಡೆಗೋ ಅವನನ್ನು ತಿರುಗಿಸಿದರೆ ಸಾಕು.

ಅಭ್ಯಾಸದ ಬಗ್ಗೆ ಒಂದು ಮಾತು, ಯಾಕಂದ್ರೆ ರೋಗ ಹುಟ್ಟೋದು ಅಲ್ಲೇ. ವಾರವಿಡೀ ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಬೇರೆ ಬಣ್ಣದ ಅಂಗಿ, ಅವನನ್ನು ಮುಟ್ಟುವ ಹಾಗಿಲ್ಲ. ಎಂಡ್ ಹತ್ತಿರ ಬಂದ ಕೂಡಲೇ ಸೀಟಿ. ಹುಡುಗ ಮನಸ್ಸಿನಲ್ಲಿ ಒಂದು ಸ್ಯಾಕ್ ಬರೆದುಕೊಳ್ಳುತ್ತಾನೆ. ಶನಿವಾರ ಅದೇ ಜಾಗದಲ್ಲಿ ಸೀಟಿ ಬರಲ್ಲ, ಕ್ವಾರ್ಟರ್‌ಬ್ಯಾಕ್ ತೋಳಿನಡಿ ನುಸುಳಿ ಹೋಗುತ್ತಾನೆ. ನಾವು ಎರಡು ಬದಲಾವಣೆ ಮಾಡಿದೆವು. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಪಾತ್ರಕ್ಕೆ ನಮ್ಮ ಚುರುಕಾದ ರಿಸೀವರ್ ಒಬ್ಬನನ್ನು ನಿಲ್ಲಿಸಿದೆವು. ಸೀಟಿಯನ್ನು ಎರಡು ಸೆಕೆಂಡ್ ತಡ ಮಾಡಿದೆವು. ಆ ಎರಡು ಸೆಕೆಂಡ್‌ನಲ್ಲಿ ಹುಡುಗರು ಕಲಿತಷ್ಟನ್ನು ನಾನು ಬೋರ್ಡ್ ಮೇಲೆ ಒಂದು ತಿಂಗಳು ಬರೆದರೂ ಕಲಿಸೋಕೆ ಆಗ್ತಿರಲಿಲ್ಲ.

ಈಗ ನಿಮ್ಮ ಮಗನ ವಿಷಯಕ್ಕೆ. ಆ ಮೂರು ಓಟಗಳು ಅವನ ಕಡೆಯಿಂದ ಆದವಾ, ಇಲ್ಲ ನಡುವಿನಿಂದಲಾ? ಸಂದಿಯಲ್ಲಿ ನುಸುಳಿದ ಅಂತ ಬರೆದಿದ್ದೀರಿ. ಇಬ್ಬರು ಎಂಡ್‌ಗಳೂ ಗೋಡೆಯಾಗಿ ನಿಂತಿದ್ದರೂ ನಡುವೆ ಸಂದಿ ಆಗಿದ್ದರೆ, ಒಳಗಿನ ಇಬ್ಬರು ಟ್ಯಾಕಲ್‌ಗಳು ಜಾಗ ಅದಲುಬದಲು ಮಾಡುವ ಆಟ ಆಡಿರಬೇಕು, ಇಲ್ಲವೇ ಇಬ್ಬರೂ ಒಂದೇ ಕಡೆಗೆ ಎಳೆದುಕೊಂಡು ಹೋಗಿರಬೇಕು. 14 ಯಾರ್ಡ್‌ವರೆಗೆ ಯಾರೂ ಸಿಗಲಿಲ್ಲ ಅಂದರೆ ಹಿಂದೆ ಬಹುಶಃ ಮ್ಯಾನ್ ಕವರೇಜ್ ಇತ್ತು, ಎಲ್ಲರ ಬೆನ್ನೂ ಕ್ವಾರ್ಟರ್‌ಬ್ಯಾಕ್ ಕಡೆಗಿತ್ತು. ಒಮ್ಮೆ ಆದರೆ ಆಟ. ಅದೇ ಮೂರು ಸಲ ಆದರೆ ಕೋಚ್ ಬದಲಿಸಬೇಕಿತ್ತು. ನಾನು ಕೋಚ್‌ನಲ್ಲಿ ಸರಿಪಡಿಸಬೇಕಾದ್ದು ಇದೆ ಅಂದಿದ್ದು ಇದನ್ನೇ. ಆದರೆ ಇದನ್ನು ಫೋನ್ ಮಾಡಿ ನೀವು ಹೇಳೋದು ಬೇಡ. ಕಾಲೇಜಿನಲ್ಲಿ ಅಪ್ಪ ಅಮ್ಮ ಕೋಚ್‌ಗೆ ಫೋನ್ ಮಾಡಿದರೆ ಮುಜುಗರ ಆಗೋದು ಮಗನಿಗೆ. ವಿಡಿಯೊ ನೋಡುವ ಹೊತ್ತಿನಲ್ಲಿ ಅವನೇ ಕೇಳಲಿ, "ಕೋಚ್, ಆ ಮೂರೂ ಸಲ ಅವನು ಹೋದ ಓಣಿ ಯಾರದು?" ಅಂತ. ಒಳ್ಳೆಯ ಕೋಚ್‌ಗೆ ಇಂಥ ಪ್ರಶ್ನೆ ಕೇಳುವ ಹುಡುಗ ಬೇಕು.

ಸ್ಯಾಕ್ ಸಿಗಲಿಲ್ಲ ಅನ್ನೋ ಅವನ ಬೇಸರ ನಿಜವಾದದ್ದೇ, ಅದನ್ನು ತಳ್ಳಿಹಾಕಬೇಡಿ. ಎಸೆಯುವುದಕ್ಕಷ್ಟೇ ನಿಲ್ಲುವ ಕ್ವಾರ್ಟರ್‌ಬ್ಯಾಕ್ ಬಂದ ವಾರ ಅವನಿಗೂ ಹಗ್ಗ ಬಿಡುತ್ತಾರೆ. ಈ ವಾರ ಮಾತ್ರ ಒಂದು ಕೆಲಸ ಮಾಡಿ. ಪಂದ್ಯದ ವಿಡಿಯೊ ಹಾಕಿ, ಕ್ವಾರ್ಟರ್‌ಬ್ಯಾಕ್ ಹಿಂದಿನ ಕಾಲು ಊರಿದ ಕ್ಷಣದಲ್ಲಿ ನಿಲ್ಲಿಸಿ. ಚೆಂಡು ನೋಡಬೇಡಿ. ನಿಮ್ಮ ಮಗನ ಸೊಂಟ ಕ್ವಾರ್ಟರ್‌ಬ್ಯಾಕ್ ಮಟ್ಟಕ್ಕೆ ಇದೆಯಾ? ಹೊರಗಿನ ಕೈ ಬಿಡುವಾಗಿದೆಯಾ? ಕಣ್ಣು ಎಲ್ಲಿದೆ? ಮೂರೂ ಸರಿ ಇದ್ದರೆ ಆ ಚಿತ್ರವನ್ನು ಅವನಿಗೆ ಕಳಿಸಿ, ನೀವು ಈಗ ಏನು ನೋಡ್ತಿದ್ದೀರಿ ಅಂತ ಅವನಿಗೆ ಗೊತ್ತಾಗಲಿ.